ಹುಳುವಿನ ಹದಿನೆಂಟು ಬಾಗಿಲು

ರೇಷ್ಮೆ ಹುಳು ಬಲಿತು, ಗೂಡು ಕಟ್ಟಲು ಇನ್ನು ಮೂರು ನಾಲ್ಕು ದಿನ ಇದೆ ಎನ್ನುವಾಗ ಅದನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರೆ ಬೆನ್ನಿನ ನಡುವೆ ಒಂದು ಗೆರೆ ಕಾಣುತ್ತದೆ. ಸುಮ್ಮನೆ ನೋಡಿದವರಿಗೆ ಅದು ಗೆರೆ ಅಷ್ಟೆ. ಕೈ ಅಲ್ಲಾಡಿಸದೆ ಒಂದು ಗಳಿಗೆ ನೋಡುತ್ತ ನಿಂತರೆ ಆ ಗೆರೆಯೊಳಗೆ ಏನೋ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಬಾಲದ ಕಡೆಯಿಂದ ತಲೆಯ ಕಡೆಗೆ ಒಂದು ಅಲೆ ಹೊರಡುತ್ತದೆ, ಅದು ಮುಟ್ಟುವಷ್ಟರಲ್ಲಿ ಹಿಂದೆ ಇನ್ನೊಂದು ಹೊರಟಿರುತ್ತದೆ. ಇದನ್ನು ನನಗೆ ತೋರಿಸಿದವಳು ನನ್ನ ಹೆಂಡತಿ. ನಾನು ಹುಟ್ಟಿದ್ದು ಬೆಳೆದದ್ದು ಹುಳು ಸಾಕುವ ಮನೆಯಲ್ಲಿ. ಆದರೂ ಅವಳು ತೋರಿಸುವವರೆಗೆ ಅದನ್ನು ಕಂಡಿರಲಿಲ್ಲ.

ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಅವಳ ವಿಷಯ ಬರೆಯೋಣ ಎಂದು ಕೂತಾಗಲೆಲ್ಲ ಕೈ ಹುಳುವಿನಿಂದಲೇ ಶುರು ಮಾಡುತ್ತದೆ. ಇರಲಿ. ನಮ್ಮ ಸಂಸಾರವೂ ಹಾಗೆಯೇ ಶುರುವಾದದ್ದು.

ನಮ್ಮೂರು ವಿರೂಪಾಕ್ಷಿಪುರದ ಹತ್ತಿರ. ಚನ್ನಪಟ್ಟಣದಲ್ಲಿ ಲೋಯರ್ ಸೆಕೆಂಡರಿ ಮುಗಿಸುವ ಹೊತ್ತಿಗೆ ಅಪ್ಪ ತೀರಿಕೊಂಡರು, ನಾನು ಊರಿಗೆ ಬಂದು ಹೊಲ ಹಿಡಿದೆ. ಎರಡು ಎಕರೆ ಹಿಪ್ಪುನೇರಳೆ, ಒಂದಿಷ್ಟು ರಾಗಿ ಹೊಲ, ಒಂದು ಜೊತೆ ಎತ್ತು, ಒಂದು ಗಾಡಿ. ಸೊಪ್ಪು ಬೆಳೆಯುವುದು, ಕೊಯ್ದು ತರುವುದು ನನ್ನ ಕೆಲಸ. ಮನೆಯ ಮಗ್ಗುಲಿಗಿದ್ದ ಹುಳು ಮನೆ ಅಮ್ಮನದು. ಆ ಬಾಗಿಲಿನೊಳಗೆ ಅಮ್ಮನ ಮಾತೇ ಮಾತು. ಸೊಪ್ಪಿನ ಮಂಕರಿಯನ್ನು ಹೊಸ್ತಿಲಿನ ಮೇಲೆ ಇಟ್ಟು ನಾನು ಹಿಂದೆ ಸರಿಯಬೇಕು. "ನೇಗ್ಲು ಹಿಡಿದ ಕೈ ಕಣ್ಲಾ ನಿಂದು. ಹುಳಾನ ಎತ್ತಕೋದ್ರೆ ಹಿಚುಕ್ಬುಡ್ತೀಯ," ಎನ್ನುತ್ತಿದ್ದಳು.

ಹುಳು ಮನೆಗೆ ಅಮ್ಮ ಒಂದಷ್ಟು ಕಟ್ಟು ಮಾಡಿದ್ದಳು. ಸುತ್ತಲಿನ ಎಲ್ಲ ಮನೆಗಳಲ್ಲೂ ಅವು ಇದ್ದವು. ಹೊಗೆಸೊಪ್ಪು ಹಾಕಿದ ಬಾಯಿಯವರು ಒಳಗೆ ಬರಕೂಡದು. ಮುಟ್ಟಾದವರು ಬರಕೂಡದು. ಸಾವಿನ ಮನೆಗೆ ಹೋದವರು ಸ್ನಾನ ಮಾಡದೆ ಬರಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಎಣ್ಣೆ ಹಚ್ಚಿಕೊಂಡವರು ಆ ದಿನ ಹೊಸ್ತಿಲು ದಾಟಕೂಡದು. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಹುಳಕ್ಕೆ ಆಗಕಿಲ್ಲ," ಎಂದಳು. ಅವಳ ಅತ್ತೆಯೂ ಅವಳಿಗೆ ಅಷ್ಟನ್ನೇ ಹೇಳಿದ್ದಿರಬೇಕು.

ನನ್ನ ಹೆಂಡತಿ ಕನಕಪುರದ ಕಡೆಯವಳು. ಅವಳ ತವರಿನಲ್ಲೂ ಹುಳು ಸಾಕುತ್ತಿದ್ದರು. ಮದುವೆಯಾಗಿ ಬಂದ ಮೊದಲ ಬೆಳೆಯಲ್ಲೇ ಅಮ್ಮ ಅವಳ ಕೈ ನೋಡಿ ಸುಮ್ಮನಾದಳು. ಅಮ್ಮ ಸುಮ್ಮನಾದಳೆಂದರೆ ಮೆಚ್ಚಿದಳೆಂದು ಅರ್ಥ. ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂತು ಹಳೆ ಚರ್ಮ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರ ಬರುತ್ತಿದೆಯೋ ಬಿಡುತ್ತಿದೆಯೋ ಎಂಬುದನ್ನು ಅವಳು ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದಳು. ಹೇಗೆ ಎಂದರೆ, "ಮೇಯೋ ಸದ್ದು ತೆಳ್ಳಗಾಗೈತಲ್ಲ, ಕೇಳಕಿಲ್ವಾ?" ಎನ್ನುತ್ತಿದ್ದಳು. ನನಗೆ ಕೇಳುತ್ತಿರಲಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಐದನೇ ತಿಂಗಳಲ್ಲಿ ಮಗಳನ್ನು ಎತ್ತಿಕೊಂಡು ಬಂದಳು. ಬಾಣಂತನದ ಎಣ್ಣೆನೀರು ಇನ್ನೂ ನಡೆದಿತ್ತು. ಅಮ್ಮನೇ ದಿನ ಬಿಟ್ಟು ದಿನ ಅವಳ ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಕೆಂಡದ ಮುಂದೆ ಮಲಗಿಸುತ್ತಿದ್ದಳು. ಹಾಗಾಗಿ ಆ ಬೆಳೆಯಲ್ಲಿ ಹುಳು ಮನೆಯ ಹೊಸ್ತಿಲು ಅವಳಿಗೆ ಮುಚ್ಚಿತ್ತು. ಅವಳು ಜಗಲಿಯಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಹೊರಗಿನಿಂದಲೇ ಸದ್ದು ಕೇಳುತ್ತಿದ್ದಳು.

ನಾಲ್ಕನೇ ಜ್ವರ ಬಿಟ್ಟಿತ್ತು. ಹುಳು ಹಗಲೆನ್ನದೆ ಇರುಳೆನ್ನದೆ ತಿನ್ನುವ ಕಾಲ. ಒಂದು ಮಂಗಳವಾರ ಅಮ್ಮ ಬೆಳೆಗಾಗಿ ಹೊತ್ತ ಹರಕೆ ತೀರಿಸಲು ಪಕ್ಕದ ಮನೆಯವರ ಗಾಡಿಯಲ್ಲಿ ಕೆಂಗಲ್ಲಿಗೆ ಹೋದಳು. ಹೋಗುವಾಗ, "ಸೊಪ್ಪು ತಂದು ಮುಚ್ಚಿಡು. ನಾ ಬಂದು ಹಾಕ್ತೀನಿ, ಕಸಾನೂ ನಾನೇ ತೆಗೀತೀನಿ," ಎಂದು ಎರಡು ಸಲ ಹೇಳಿದಳು.

ನಾನು ಬೆಳಿಗ್ಗೆ ನಮ್ಮ ಗಾಡಿಯ ಚಕ್ರ ಕಳಚಿ ಅಚ್ಚಿಗೆ ಕೀಲೆಣ್ಣೆ ಹಾಕಿದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡುತ್ತಿದ್ದ ಎಣ್ಣೆ ಅದು. ಆಮೇಲೆ ಬಾನಿಯ ನೀರಿಗೆ ಕೈ ಅದ್ದಿ, ಹುಲ್ಲಿಗೆ ಒರೆಸಿಕೊಂಡೆ. ಹೆಂಡತಿ ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದಳು. ಹುಳು ಮನೆಯ ಬಾಗಿಲಿಗೆ ಸೊಪ್ಪು ಇಡಲು ಹೋದಾಗ ಒಳಗಿನಿಂದ ಬಿಸಿಯಾದ ಕಸದ ವಾಸನೆ ಬಂತು. ತಿಂದುಳಿದ ಕಡ್ಡಿ, ಹಿಕ್ಕೆ ಎಲ್ಲ ಹುಳುವಿನ ಕೆಳಗೆ ದಪ್ಪನಾಗಿ ಕೂತು ಬೆವರುತ್ತಿತ್ತು. ಅಮ್ಮ ಬರುವುದು ಸಂಜೆ. ನಾನು ತೆಗೆದರೆ ಅಮ್ಮನಿಗೆ ಕೆಲಸ ಹಗುರಾಗುತ್ತದೆ, ನನಗೂ ಒಂದು ಹೆಸರು ಬರುತ್ತದೆ ಎಂದುಕೊಂಡೆ. ಒಳಗೆ ಹೋಗಿ, ಹುಳು ಮೇಯುವ ಬಿದಿರು ತಟ್ಟೆಗಳಲ್ಲಿ ಮೇಲಿನ ಎರಡರ ಹುಳುವನ್ನು ಕೈಯಲ್ಲಿ ಬಾಚಿ ಬಾಚಿ ಬೇರೆ ಕಡೆಗೆ ಹಾಕಿ, ಕಸ ಕೊಡವಿ, ಮತ್ತೆ ತಟ್ಟೆಗೆ ಬಿಟ್ಟೆ. ಅಷ್ಟರಲ್ಲಿ ಎತ್ತು ಹಗ್ಗ ಬಿಚ್ಚಿಕೊಂಡ ಸದ್ದಾಯಿತು. ಓಡಿದೆ. ಮತ್ತೆ ಒಳಗೆ ಹೋಗಲಿಲ್ಲ.

ಸಂಜೆ ಅಮ್ಮ ಕೆಂಗಲ್ಲಿನ ಕುಂಕುಮ ಹಣೆಗೆ ಇಟ್ಟುಕೊಂಡೇ ಹುಳು ಮನೆಗೆ ಹೋದಳು. ಹೋದವಳು ಕೂಗಿದಳು. ಆ ಎರಡು ತಟ್ಟೆಗಳಲ್ಲಿ ಹುಳುಗಳು ನೆನೆದ ಬತ್ತಿಯ ಹಾಗೆ ಬಿದ್ದಿದ್ದವು. ಕೆಲವು ಇನ್ನೂ ತಲೆಯನ್ನು ಈ ಕಡೆ ಆ ಕಡೆ ಎಸೆಯುತ್ತಿದ್ದವು. ಪಕ್ಕದ ತಟ್ಟೆಗಳು ಚೆನ್ನಾಗಿದ್ದವು.

ಅಮ್ಮ ಒಂದು ಹುಳುವನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. "ಹರಳೆಣ್ಣೆ," ಎಂದಳು. ತಿರುಗಿ ಜಗಲಿಯಲ್ಲಿ ಮಗುವನ್ನು ತಟ್ಟುತ್ತಿದ್ದ ಸೊಸೆಯ ಕಡೆ ನೋಡಿದಳು. ಆ ದಿನ ಬೆಳಿಗ್ಗೆ ಹೊರಡುವ ಮುಂಚೆ ಅಮ್ಮನೇ ಅವಳಿಗೆ ಎಣ್ಣೆನೀರು ಹಾಕಿದ್ದಳು.

"ಯಾಕಮ್ಮಿ ಒಳಕ್ಕೋದೆ? ಒಂದಿನ ತಡಕಳಕಾಗ್ನಿಲ್ವಾ ನಿಂಗೆ?"

"ನಾನು ಹೋಗಿಲ್ಲ ಅತ್ತೆ."

"ನಾನಿರ್ನಿಲ್ಲ, ನನ್ಮಗ ಹೊಲದಾಗಿದ್ದ. ಇನ್ಯಾರು, ದೆವ್ವ ಬಂದಿತ್ತಾ?"

"ಹೊಸ್ತಿಲ ಮ್ಯಾಕೂ ಕಾಲಿಕ್ಕಿಲ್ಲ. ಮಗೀನ್ ಮ್ಯಾಲಾಣೆ..."

"ಮಗೀನ್ ಮ್ಯಾಲೆ ಆಣೆ ಇಕ್ಬ್ಯಾಡ!" ಎಂದು ಅಮ್ಮ ಕಿರುಚಿದಳು. ಆಮೇಲೆ ದನಿ ತಗ್ಗಿಸಿ, "ಇನ್ಮೇಲೆ ನೀನು ಈ ತಟ್ಟೆ ಮುಟ್ಟಕೂಡ್ದು. ಬಾಣಂತನ ಮುಗುದ್ರೂ ಅಷ್ಟೇಯ. ಸೊಪ್ಪು ಬಿಡಿಸ್ಕೊಂಡು ಹೊರಗಿರು," ಎಂದಳು.

ನಾನು ಅಂಗಳದಲ್ಲಿ ನಿಂತಿದ್ದೆ. ಎಣ್ಣೆ ನನ್ನ ಕೈಯದಿರಬಹುದು ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಅರ್ಧ ನಿಜ. ಹೊಳೆಯುವುದಕ್ಕೆ ನಾನು ಬಿಡಲಿಲ್ಲ. ಕೈ ತೊಳೆದಿದ್ದೆನಲ್ಲ ಎಂದುಕೊಂಡೆ. ಒಳಗೆ ಹೋಗಿದ್ದೆ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ರೇಷ್ಮೆಯ ಇನ್ಸ್‌ಪೆಕ್ಟರು ಬಂದರು. ಹುಳುವಿನ ರೋಗ ನೋಡುತ್ತ ಊರೂರು ತಿರುಗುವ ಸರ್ಕಾರಿ ಕೆಲಸ ಅವರದು. ಚನ್ನಪಟ್ಟಣದವರೆಗೆ ರೈಲು, ಅಲ್ಲಿಂದ ಗಾಡಿ. ಮೀಸೆ ಇನ್ನೂ ಸರಿಯಾಗಿ ಕೂತಿರದ ವಯಸ್ಸು, ತಲೆಗೆ ರುಮಾಲು, ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಅವರು ಮಗುವಿನ ಹಾಗೆ ಎತ್ತಿಕೊಂಡಿದ್ದರು. ಅದರಲ್ಲಿ ಹಿತ್ತಾಳೆಯ ಸೂಕ್ಷ್ಮದರ್ಶಕ ಇತ್ತು.

ಅಮ್ಮ ಸತ್ತ ಹುಳುಗಳನ್ನು ಮೊರದಲ್ಲಿ ತಂದು ತೋರಿಸಿದಳು. ಅವರು ಒಂದನ್ನು ಎತ್ತಿ, ಕೈಭೂತಕನ್ನಡಿ ಹಿಡಿದು, ಬೆನ್ನು ಹೊಟ್ಟೆ ಎಲ್ಲ ಬಿಟ್ಟು ಪಕ್ಕೆಯನ್ನೇ ನೋಡಿದರು. ಬಹಳ ಹೊತ್ತು ನೋಡಿ, "ಇದು ರೋಗ ಅಲ್ಲಮ್ಮ. ಉಸಿರು ಕಟ್ಟಿ ಸತ್ತಿವೆ," ಎಂದರು.

"ನೀರಿಗೆ ಬಿದ್ದಿಲ್ಲ, ಕುತ್ಗೆ ಹಿಸುಕಿಲ್ಲ. ಉಸ್ರು ಹೆಂಗೆ ಕಟ್ತದೆ ಸ್ವಾಮಿ?"

"ಹುಳುವಿಗೆ ಮೂಗಿಲ್ಲಮ್ಮ."

"ಮೂಗಿಲ್ದಿದ್ರೆ ಸೊಪ್ಪು ತಂದಿದ್ದು ಹೆಂಗೆ ಗೊತ್ತಾಯ್ತದೆ? ಬಾಗ್ಲಿಗೆ ಬರೋ ಹೊತ್ಗೆ ತಲೆ ಎತ್ತವೆ!"

ಇನ್ಸ್‌ಪೆಕ್ಟರು, "ಅದು ಬೇರೆ ವಿಷಯ," ಎಂದು ರುಮಾಲು ಸರಿಮಾಡಿಕೊಂಡರು. ಆಮೇಲೆ ಹುಳುವನ್ನು ಎಲೆಯ ಮೇಲೆ ಮಲಗಿಸಿ, ಕಡ್ಡಿಯ ತುದಿಯಿಂದ ಪಕ್ಕೆಯ ಮೇಲಿನ ಒಂದೊಂದು ಚುಕ್ಕೆಯನ್ನೂ ಮುಟ್ಟಿ ಎಣಿಸಿದರು. ಒಂದು ಪಕ್ಕೆಗೆ ಒಂಬತ್ತು. ಇನ್ನೊಂದು ಪಕ್ಕೆಗೆ ಒಂಬತ್ತು. ಆ ಚುಕ್ಕೆಗಳನ್ನು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದೆವು. ಮಚ್ಚೆ ಎಂದುಕೊಂಡಿದ್ದೆವು.

"ಇವು ಬಾಗಿಲುಗಳು. ಒಂದೊಂದರ ಒಳಗೂ ಒಂದು ಕೊಳವೆ. ಆ ಕೊಳವೆ ಕವಲಾಗಿ, ಕವಲು ಕವಲಾಗಿ, ಕೂದಲಿಗಿಂತ ಸಣ್ಣದಾಗಿ ಮೈಯೆಲ್ಲ ಹೋಗುತ್ತೆ. ನಮ್ಮಲ್ಲಿ ಗಾಳಿಯನ್ನು ರಕ್ತ ಹೊತ್ತುಕೊಂಡು ಹೋಗಿ ಮನೆಮನೆಗೆ ಮುಟ್ಟಿಸುತ್ತೆ. ಹುಳುವಿನಲ್ಲಿ ಗಾಳಿ ತಾನೇ ಎಲ್ಲ ಮನೆಗೂ ನಡೆದು ಹೋಗುತ್ತೆ."

ಅವರು ಸೂಕ್ಷ್ಮದರ್ಶಕವನ್ನು ಹುಳು ಮನೆಯೊಳಗೆ ಇಡಲು ಹೊರಟರು. ಅಮ್ಮ ಬಿಡಲಿಲ್ಲ. ಕೊನೆಗೆ ಜಗಲಿಯ ಮೇಲೆ, ಬಿಸಿಲು ಬೀಳುವ ಕಡೆ ಇಟ್ಟರು. ಸತ್ತ ಹುಳುವಿನ ಪಕ್ಕೆಯನ್ನು ಕತ್ತರಿಯಿಂದ ಚೂರು ಕತ್ತರಿಸಿ ಗಾಜಿನ ಮೇಲಿಟ್ಟರು. ಮೊದಲು ನಾನು ನೋಡಿದೆ.

ಅದನ್ನು ಈಗ ಹೇಗೆ ಬರೆಯಲಿ. ಮೊಟ್ಟೆಯಾಕಾರದ ಒಂದು ಬಾಗಿಲು, ಸುತ್ತ ಕಂದು ಬಣ್ಣದ ಚೌಕಟ್ಟು. ಬಾಗಿಲಿನ ಎರಡು ಕಡೆಯಿಂದಲೂ ನವಿರಾದ ಕೂದಲು ಹೆಣೆದು ಪರದೆಯ ಹಾಗೆ ನಿಂತಿದ್ದವು. ಧೂಳು ಒಳಗೆ ಹೋಗದಿರಲಿ ಎಂದು ಈ ಪರದೆಯಂತೆ. ಕೆಳಗೆ ಬೆಳ್ಳಿಯ ತಂತಿಯ ಹಾಗೆ ಹೊಳೆಯುವ ಕೊಳವೆಗಳು, ಒಂದೊಂದರ ಒಳಗೂ ಅದು ಕುಸಿಯದ ಹಾಗೆ ಸುತ್ತಿದ ಎಳೆ. ಒಂದು ಹೊತ್ತಿಗೆ ಒಂದು ಮಂಕರಿ ಸೊಪ್ಪು ತಿಂದು ಹಿಕ್ಕೆ ಹಾಕುವ ಹುಳುಗಳಲ್ಲಿ ಒಂದು, ಅದರ ಮೈಯಲ್ಲಿ ಒಂದು ಚುಕ್ಕೆ, ಆ ಚುಕ್ಕೆಯೊಳಗೆ ಇಷ್ಟು ಕೆಲಸ. ನಾವು ದೇವಸ್ಥಾನದ ಬಾಗಿಲುವಾಡ ನೋಡಿ ತಲೆದೂಗುತ್ತೇವೆ.

ಆ ಬಾಗಿಲು ಮುಚ್ಚಿತ್ತು. ಪರದೆಯ ಮೇಲೆ ಎಣ್ಣೆ ಹರಡಿ ಕೂತಿತ್ತು. ಆ ಎಣ್ಣೆಯಲ್ಲಿ ಕಪ್ಪಗಿನ ಪುಡಿ ತೇಲುತ್ತಿತ್ತು.

"ಎಣ್ಣೆ ಹಚ್ಚಿಕೊಂಡವರು ಬರಬಾರದು ಅಂತೀರಲ್ಲಮ್ಮ, ಅದು ಸರಿಯಾದ ಕಟ್ಟು," ಎಂದು ಇನ್ಸ್‌ಪೆಕ್ಟರು ಹೇಳುತ್ತಿದ್ದರು. "ಕಾರಣ ಇಲ್ಲಿದೆ ನೋಡಿ. ಇದರಲ್ಲಿ ಮಸಿಯೂ ಸೇರಿದೆ."

ಅಮ್ಮ ಒಂದು ಕಣ್ಣು ಮುಚ್ಚಲು ಬಾರದೆ, ಸೆರಗಿನಿಂದ ಮುಚ್ಚಿಕೊಂಡು ಬಗ್ಗಿದಳು. "ಅಯ್ಯೋ ಶಿವನೆ," ಎಂದಳು. ಮತ್ತೆ ಬಗ್ಗಿದಳು. "ಬೀಗದ ಕಣ್ಣಿದ್ದಂಗೈತಲ್ಲೋ. ಇಷ್ಟು ವರ್ಸ ಸಾಕಿದೀನಿ, ಒಂದಿನಾನಾರ ಹೇಳ್ನಿಲ್ವಲ್ಲ ಇವು!" ಆಮೇಲೆ ನೆಟ್ಟಗೆ ನಿಂತು, "ಮಸಿ ಇರ್ದೆ ಏನು? ದಿನಾ ಕೆಂಡದ ಮುಂದೆ ಮಲಗೋಳ ಕೈ," ಎಂದಳು.

ಕರಿ ಎಲ್ಲಿಂದ ಬಂತೆಂದು ಅಂಗಳದಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೆ ಮಾತ್ರ ಎಂದು ನಾನು ತಿಳಿದುಕೊಂಡಿದ್ದೆ. ಈ ಸಲ ಹೊಳೆಯದೆ ಇರಲು ದಾರಿ ಇರಲಿಲ್ಲ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿತ್ತು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ.

ಇನ್ಸ್‌ಪೆಕ್ಟರು ನನ್ನ ಹೆಂಡತಿಯನ್ನು ನೋಡಿ, "ನೀವೂ ನೋಡಿ ತಾಯಿ," ಎಂದರು. ಜಗಲಿಗೆ ಕಟ್ಟು ಇರಲಿಲ್ಲ, ಅಮ್ಮ ಬೇಡವೆನ್ನಲಾಗಲಿಲ್ಲ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಬಗ್ಗಿದಳು. ನಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ತಲೆ ಎತ್ತಿದಾಗ ತನ್ನ ಮೇಲೆ ಬಂದ ಅಪವಾದದ ಮಾತೇ ಎತ್ತಲಿಲ್ಲ. "ಬೆನ್ನಿನ ಮ್ಯಾಲೆ ನೀರು ಹರ್ದಂಗೆ ಕಾಣ್ತದಲ್ಲ ಸ್ವಾಮಿ, ಅದೇನು?" ಎಂದು ಕೇಳಿದಳು.

ಅವರಿಗೆ ಬಹಳ ಸಂತೋಷವಾಯಿತು. "ಅದು ಅದರ ಹೃದಯ. ಉದ್ದಕ್ಕೆ ಇದೆ, ಬಾಲದಿಂದ ತಲೆಗೆ ದೂಡುತ್ತೆ. ರಕ್ತ ಕೆಂಪಗಿಲ್ಲ, ಅದಕ್ಕೇ ಗೊತ್ತಾಗಲ್ಲ. ತಿಂದ ಸೊಪ್ಪಿನ ಸಾರವನ್ನೆಲ್ಲ ಅದು ಹೊತ್ತುಕೊಂಡು ಹೋಗುತ್ತೆ. ನಿಮಗೆ ಯಾರು ತೋರಿಸಿದರು?"

"ಯಾರೂ ಇಲ್ಲ. ಚಿಕ್ಕೋಳಿದ್ದಾಗ ನಾನೇ ನೋಡಿದ್ದೆ."

ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಂಕರಿಯಿಂದ ಒಂದು ಹಿಪ್ಪುನೇರಳೆ ಎಲೆ ತೆಗೆದು, ಅದರ ಅಡಿಯ ತೆಳು ಸಿಪ್ಪೆಯನ್ನು ಚಾಕುವಿನಿಂದ ಎಬ್ಬಿಸಿ ಗಾಜಿನ ಮೇಲೆ ಹಾಸಿದರು. ಅಲ್ಲಿ ಎಲ್ಲೆಲ್ಲೂ ಸಣ್ಣ ಸಣ್ಣ ಬಾಯಿಗಳಿದ್ದವು. ಎರಡೆರಡು ತುಟಿ, ನಡುವೆ ಸಂದು. ಎಲೆ ಗಾಳಿ ತೆಗೆದುಕೊಳ್ಳುವುದು, ಬಿಡುವುದು ಅಲ್ಲಿಂದ ಎಂದರು. ಬೇರಿನ ನೀರು ನರಗಳಲ್ಲಿ ಏರಿ ಬಂದು ಅಲ್ಲಿಂದ ಆವಿಯಾಗುತ್ತದೆ, ಎಲೆ ಬಿಸಿಲಲ್ಲಿ ಮಾಡಿದ ಆಹಾರ ಇನ್ನೊಂದು ದಾರಿಯಲ್ಲಿ ಬೇರಿಗೆ ಇಳಿಯುತ್ತದೆ ಎಂದರು. ಕೊಯ್ದ ಮೇಲೂ ಎಲೆ ಸ್ವಲ್ಪ ಹೊತ್ತು ಉಸಿರಾಡುತ್ತದಂತೆ. ಆ ಮಾತಿಗೆ ನಾನು ಮಂಕರಿಯೊಳಗೆ ಕೈ ಹಾಕಿದೆ. ಒತ್ತಿ ತುಂಬಿದ ಸೊಪ್ಪಿನ ನಡುವೆ ಬೆಚ್ಚಗಿತ್ತು. ಸೊಪ್ಪನ್ನು ಒತ್ತಿ ಇಟ್ಟರೆ ಕಾವೇರುತ್ತದೆ ಎಂದು ಎಲ್ಲ ರೈತರಿಗೂ ಗೊತ್ತು. ಅದು ಬದುಕಿರುವುದರ ಕಾವು ಎಂದು ನನಗೆ ಗೊತ್ತಿರಲಿಲ್ಲ. ಮಲಗಿದ ಮಗುವಿನ ಕಂಕುಳಲ್ಲಿ ಕೈ ಇಟ್ಟ ಹಾಗಿತ್ತು.

ಅವರು ಪೆಟ್ಟಿಗೆ ಮುಚ್ಚಿ ಕ್ಲೋಸ್‌ಪೇಟೆಯ ಕಡೆಗೆ ಹೊರಟರು. ನಾನು ಗಾಡಿಯವರೆಗೆ ಹೋದೆ. ದಾರಿಯಲ್ಲಿ ಅವರೊಬ್ಬರಿಗಾದರೂ ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ.

ಉಳಿದ ಹುಳುಗಳು ಹಣ್ಣಾಗಿ, ಗೂಡಿಗೆಂದೇ ಹೆಣೆದ ಬಿದಿರಿನ ಚಂದ್ರಿಕೆ ಹತ್ತಿ, ಗೂಡು ಕಟ್ಟಿದವು. ಅವಳು ಹೊರಗೆ ಸೊಪ್ಪು ಬಿಡಿಸುತ್ತಿದ್ದಳು. ಸದ್ದು ಕೇಳಿ ಹೇಳುವುದನ್ನು ನಿಲ್ಲಿಸಿದ್ದಳು. ಅಮ್ಮನೂ ಅವಳೂ ಅಡುಗೆಮನೆಯಲ್ಲಿ ಮಾತಾಡುತ್ತಿದ್ದರು, ಹುಳುವಿನ ಮಾತು ಬಂದರೆ ಮಾತ್ರ ಇಬ್ಬರೂ ನಿಲ್ಲಿಸುತ್ತಿದ್ದರು. ಎಣ್ಣೆನೀರು ಮುಗಿಯಿತು. ಆದರೂ ಹೊಸ್ತಿಲು ಅವಳಿಗೆ ತೆರೆಯಲಿಲ್ಲ. ಒಂದು ಸಲ ಅವಳು ಮಗುವಿಗೆ ಹಾಲೂಡುತ್ತ ಹುಳು ಮನೆಯ ಗೋಡೆಗೆ ಕಿವಿ ಆನಿಸಿಕೊಂಡು ಕೂತಿದ್ದನ್ನು ಕಂಡೆ. ನನ್ನನ್ನು ನೋಡಿ ನೆಟ್ಟಗೆ ಕೂತಳು.

ಗೂಡು ಕೊಳ್ಳಲು ಚನ್ನಪಟ್ಟಣದಿಂದ ಸಾಯಬರು ಬಂದರು. ನಮ್ಮ ಅಪ್ಪನ ಕಾಲದಿಂದ ನಮ್ಮ ಗೂಡು ಅವರ ದಾರ ಬಿಚ್ಚುವ ಚರಕಕ್ಕೇ ಹೋಗುತ್ತಿತ್ತು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತ, "ಏನು ಗೌಡ್ರೆ, ಈ ಸಲ ಕಮ್ಮಿ ಐತೆ? ನೀವೇ ತಿಂದುಬಿಟ್ರಾ ಹೆಂಗೆ?" ಎಂದು ನಕ್ಕರು. ಎರಡು ತಟ್ಟೆ ಎಣ್ಣೆ ತಾಕಿ ಹೋಯಿತು ಎಂದೆ. ಅವರ ನಗು ನಿಂತಿತು.

"ತೋಬಾ. ಎಣ್ಣೆ ಕೆಟ್ಟದು ಗೌಡ್ರೆ. ನಮ್ಮ ಮನೇಲಿ ಚರಕದ ಅಚ್ಚಿಗೆ ಎಣ್ಣೆ ಬಿಡೋದು ನಾನೊಬ್ಬನೇ. ಬಿಟ್ಟ ದಿನ ದಾರ ಮುಟ್ಟೋದಿಲ್ಲ. ಯಾಕೇಂದ್ರೆ ಎಣ್ಣೆ ಕೈಗೆ ತಾನು ಎಣ್ಣೆ ಕೈ ಅಂತ ನೆನಪೇ ಇರೋದಿಲ್ಲ. ತೊಳೆದೆ ಅಂದ್ಕೋತದೆ."

ಅವರು ಏನೂ ತಿಳಿಯದೆ ಹೇಳಿದ ಮಾತು. ನನಗೆ ಅವರ ಮುಖ ನೋಡಲಾಗಲಿಲ್ಲ.

ಬೀಜಕ್ಕೆಂದು ಉಳಿಸಿದ ಗೂಡುಗಳಿಂದ ಚಿಟ್ಟೆ ಹೊರಬಂದು ಮೊಟ್ಟೆ ಇಟ್ಟವು. ಹತ್ತು ಹನ್ನೊಂದು ದಿನಕ್ಕೆ, ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮರಿ ಎದ್ದವು. ಇರುವೆಗಿಂತ ಸಣ್ಣ ಮರಿಗಳು, ಕಪ್ಪಗೆ. ಅವನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಸಣ್ಣಗೆ ಹೆಚ್ಚಿದ ಎಳೆ ಸೊಪ್ಪಿನ ಮೇಲೆ ಹಕ್ಕಿಯ ಗರಿಯಿಂದ ಸವರಿ ಇಳಿಸಬೇಕು. ಮನೆಯ ಹಿರಿಯ ಹೆಂಗಸು ಮಾಡುವ ಕೆಲಸ. ಅಮ್ಮನ ಕಣ್ಣು ಆಗಲೇ ಮಂಜಾಗುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದೆ, ಗರಿ ಮೊಟ್ಟೆ ಇಟ್ಟ ಕಾಗದದ ಮೇಲೆ ಎಲ್ಲೋ ಆಡುತ್ತಿತ್ತು, ಮರಿಗಳು ಇನ್ನೆಲ್ಲೋ ಇದ್ದವು. ಹೊರಗೆ ಅವಳು ಸೊಪ್ಪು ಹೆಚ್ಚುತ್ತಿದ್ದಳು. ಆ ಒಂದೊಂದು ಕಪ್ಪು ಎಳೆಗೂ ಹದಿನೆಂಟು ಬಾಗಿಲು ಇರುತ್ತವಲ್ಲ ಎಂದು ನನಗೆ ನೆನಪಾಯಿತು. ಅಷ್ಟು ಸಣ್ಣ ಬಾಗಿಲುಗಳು. ಎಲ್ಲ ತೆರೆದೇ ಇದ್ದವು.

"ಅಮ್ಮ," ಎಂದೆ. "ಆವತ್ತು ತಟ್ಟೆ ಮುಟ್ಟಿದ್ದು ನಾನು."

ಗರಿ ನಿಂತಿತು.

"ಗಾಡಿಗೆ ಕೀಲೆಣ್ಣೆ ಹಾಕಿದ್ದೆ. ಸರಿಯಾಗಿ ತೊಳೀದೆ ಒಳಕ್ಕೆ ಬಂದು ಕಸ ತೆಗ್ದೆ. ಅವಳು ಬಾವಿ ತಾವಿದ್ಲು."

ಅಮ್ಮ ತಿರುಗಲಿಲ್ಲ. "ಯಾವಾಗ ಗೊತ್ತಾಯ್ತು ನಿಂಗೆ?"

"ಆ ಕನ್ನಡೀಲಿ ಕರಿ ಕಂಡಾಗ."

"ಅಂದ್ರೆ ಒಂದು ತಿಂಗಳಾಯ್ತು." ಅವಳು ಆಗ ತಿರುಗಿದಳು. "ಲೇ, ನಿನ್ ಕೈಗಿಷ್ಟು ಬೆಂಕಿ ಹಾಕ! ಹುಳ ಸತ್ರೆ ಇನ್ನೊಂದು ಬೆಳೆ ಬತ್ತದೆ ಕಣ್ಲಾ. ಆ ಹೆಣ್ಣು ಮಗೀನ್ ಮ್ಯಾಲೆ ಆಣೆ ಇಕ್ತಿದ್ಲಲ್ಲೋ, ಬಾಯಿಗೆ ಏನು ಮೆಟ್ಕಂಡಿದ್ದೆ ನೀನು?"

ಅವಳು ನನ್ನನ್ನು ಬಾಗಿಲಿನಿಂದ ಪಕ್ಕಕ್ಕೆ ದೂಡಿ ಜಗಲಿಗೆ ಬಂದಳು. ಸೊಸೆಯ ಮುಂದೆ ನಿಂತಳು. ತಪ್ಪಾಯಿತು ಎನ್ನುವ ಮಾತು ನಮ್ಮ ಅಮ್ಮನಿಗೆ ಜನ್ಮದಲ್ಲಿ ಬರಲಿಲ್ಲ. ಗರಿಯನ್ನು ಮುಂದೆ ಚಾಚಿದಳು.

"ಏನಮ್ಮಿ ನೋಡ್ತಾ ಕುಂತಿದೀಯೆ? ಮರಿ ಎದ್ದವೆ, ಬಿಸ್ಲೇರ್ತಾ ಐತೆ. ತಕ್ಕೊ. ನಂಗೆ ಕಣ್ಣು ಕಾಣಕಿಲ್ಲ."

ಅವಳು ಕೈ ತೊಳೆದುಕೊಂಡು ಬಂದು ಗರಿ ತೆಗೆದುಕೊಂಡಳು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ, "ಬೀಗರ ಮನೆ ಹೋರಿ ಹಂಗೆ ಯಾಕೆ ನಿಂತಿದ್ದೀರಿ? ಸೊಪ್ಪು ತನ್ನಿ," ಎಂದಳು.

ಅಲ್ಲಿಂದ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಗರಿ ಅವಳ ಕೈಯಲ್ಲೇ ಇತ್ತು. ಅಮ್ಮ ಹೋದಳು. ಮಗಳು ಬೆಳೆದು ಮಾಗಡಿಯ ಕಡೆ ಮದುವೆಯಾದಳು. ಇನ್ಸ್‌ಪೆಕ್ಟರು ಆ ಮೇಲೆ ನಮ್ಮೂರಿಗೆ ಬರಲಿಲ್ಲ. ಸೂಕ್ಷ್ಮದರ್ಶಕವನ್ನು ನಾವು ಮತ್ತೆ ನೋಡಲಿಲ್ಲ. ಆದರೆ ಒಮ್ಮೆ ನೋಡಿದ್ದು ನಮ್ಮಿಬ್ಬರನ್ನು ಬಿಡಲಿಲ್ಲ. ಅವಳು ಯಾವುದನ್ನು ನೋಡಿದರೂ ಒಳಗೆ ಏನು ಹರಿಯುತ್ತಿದೆ ಎಂದು ನೋಡುವವಳಾದಳು. ಬಿಸಿಲಿಗೆ ಬಾಡಿ ಜೋತುಬಿದ್ದ ಅವರೆ ಬಳ್ಳಿಗೆ ಸಂಜೆ ನೀರು ಬಿಟ್ಟು, ಅದು ತಲೆ ಎತ್ತುವವರೆಗೆ ಬದುವಿನ ಮೇಲೆ ಕೂತಿರುತ್ತಿದ್ದಳು. "ಈಗ ಸೊಂಟಕ್ಕೆ ಬಂತು. ಈಗ ಕುತ್ಗೆಗೆ ಬಂತು," ಎಂದು ನೀರು ಏರುವುದನ್ನು ಹೇಳುತ್ತಿದ್ದಳು. ಮನುಷ್ಯರ ಕೈ ಬೇಡ, ಏತ ಬೇಡ, ಎತ್ತು ಬೇಡ. ತೆಂಗಿನ ಮರದ ತುದಿಗೂ ನೀರು ಹತ್ತುತ್ತದೆ, ಸದ್ದಿಲ್ಲದೆ.

ವರ್ಷಕ್ಕೊಮ್ಮೆ ನಾವು ಹಿಪ್ಪುನೇರಳೆಯನ್ನು ಬುಡದವರೆಗೆ ಸವರುತ್ತೇವೆ. ಒಂದು ಸಲ ಹಾಗೆ ಸವರಿದ ಮಾರನೇ ಬೆಳಿಗ್ಗೆ ತೋಟಕ್ಕೆ ಹೋದಾಗ ಪ್ರತಿಯೊಂದು ಮೋಟಿನ ಮೇಲೂ ನೀರು ಹನಿಗಟ್ಟಿ ಸುರಿಯುತ್ತಿತ್ತು. ಮಂಜಲ್ಲ, ಒಳಗಿನಿಂದ ಬಂದದ್ದು. ಅವಳು ಒಂದು ಹನಿಯನ್ನು ಬೆರಳಿಗೆ ಹತ್ತಿಸಿಕೊಂಡು ನೋಡಿದಳು.

"ಕೊಂಬೆ ಹೋಗಿದ್ದು ಬೇರಿಗಿನ್ನೂ ಗೊತ್ತಿಲ್ಲ ನೋಡಿ," ಎಂದಳು. "ಎಲೆ ಐತೆ ಅಂದ್ಕಂಡು ದೂಡ್ತಾನೇ ಐತೆ."

ಹೋದ ವರ್ಷ ತೋಟ ಸವರಿದವನು ನಾನೊಬ್ಬನೇ. ಮಾರನೇ ದಿನ ತೋಟಕ್ಕೆ ಹೋಗಲಿಲ್ಲ. ಅವಳು ಹೋದ ಮೇಲೆ ಎಷ್ಟೋ ತಿಂಗಳು ನಾನು ಬೆಳಿಗ್ಗೆ ಎದ್ದು ಎರಡು ಚೊಂಬು ನೀರು ಕಾಯಿಸುತ್ತಿದ್ದೆ.

ಅವಳಿಗೆ ಎದೆಯ ಕಾಯಿಲೆ. ಮೊದಲು ಕೆಮ್ಮು, ಆಮೇಲೆ ಏದುಸಿರು. ಚನ್ನಪಟ್ಟಣದ ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ನಮ್ಮ ಶ್ವಾಸಕೋಶದ ಒಳಗೆ ದ್ರಾಕ್ಷಿ ಗೊಂಚಲಿನಂಥ ಸಣ್ಣ ಸಣ್ಣ ಚೀಲಗಳಿವೆ, ಗಾಳಿ ರಕ್ತಕ್ಕೆ ಸೇರುವುದು ಅಲ್ಲಿ, ಅವುಗಳಲ್ಲಿ ನೀರು ತುಂಬಿಕೊಳ್ಳುತ್ತಿದೆ ಎಂದು ಹೇಳಿದರು. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಅವಳು ಗಾಡಿಯಲ್ಲಿ ಮನೆಗೆ ಬರುತ್ತ, ನಿಂತು ನಿಂತು ಉಸಿರು ತೆಗೆದುಕೊಂಡು ಹೇಳಿದಳು: "ಹುಳಕ್ಕೆ ಹದಿನೆಂಟು ಬಾಗಿಲು. ನಮಗೆ ಎರಡೇ. ಶಿವ ನಮಗೆ ಒಸಿ ಜುಗ್ಗತನ ಮಾಡ್ಬುಟ್ಟ." ನಗಲು ಹೋಗಿ ಕೆಮ್ಮಿದಳು. ನಾನು ಗಾಡಿ ನಿಲ್ಲಿಸಿದೆ.

ಕೊನೆಯ ವಾರದಲ್ಲಿ ಅವಳು ತನ್ನ ಚಾಪೆಯನ್ನು ಹುಳು ಮನೆಯ ಪಕ್ಕದ ಜಗಲಿಗೆ ಹಾಕಿಸಿಕೊಂಡಳು. ಗೋಡೆಗೆ ದಿಂಬು ಒರಗಿಸಿ ಕೂರಿಸಿದರೆ ಉಸಿರು ಸ್ವಲ್ಪ ಹಗುರಾಗುತ್ತಿತ್ತು. ಒಂದು ಬೆಳಿಗ್ಗೆ ನಾನು ಅವಳ ಬೆನ್ನು ನೀವುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ, "ಆ ಎರಡು ತಟ್ಟೇಲಿ ಒಂದು ತಟ್ಟೆ ಅಂಚಲ್ಲಿ ನಿಮ್ಮ ಬೆರಳು ಮೂಡಿತ್ತು," ಎಂದಳು.

ಯಾವ ತಟ್ಟೆ ಎಂದು ನಾನು ಕೇಳಲಿಲ್ಲ. ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೂ ಗೊತ್ತಾಯಿತು.

"ನಾಲ್ಕು ಬೆರಳು, ಕರ್ರಗೆ. ಅತ್ತೆ ಸತ್ತ ಹುಳ ಮೊರಕ್ಕೆ ಸುರ್ದು ತಟ್ಟೇನ ಅಂಗಳಕ್ಕೆ ಎಸ್ದಿದ್ರಲ್ಲ, ಆವತ್ತೇ ಸಂಜೆ ಕಂಡೆ. ಅತ್ತೆ ನೋಡೋಕ್ ಮುಂಚೆ 'ನಾನು ಸಾರಿಸ್ತೀನಿ' ಅಂತ ಸಗಣಿ ಬಳ್ದ್ಬುಟ್ಟೆ."

"ಅವತ್ತೇ ತೋರಿಸಬಹುದಿತ್ತಲ್ಲ. ನಿನ್ನ ಮೇಲಿನ ಮಾತು ಹೋಗ್ತಿತ್ತು."

ನನ್ನ ಕೈಯ ಕೆಳಗೆ ಅವಳ ಬೆನ್ನು ಏರುತ್ತ ಇಳಿಯುತ್ತ ಇತ್ತು. ಒಂದೊಂದು ಸಲ ಏರಲೂ ಅದಕ್ಕೆ ಎಷ್ಟು ಕಷ್ಟವಿತ್ತು ಎಂದು ನನ್ನ ಅಂಗೈಗೆ ಗೊತ್ತು.

"ನಾನು ತೋರ್ಸಿದ್ರೆ ನೀವು ಸಿಕ್ಕಾಕ್ಕೊಂಡಂಗೆ ಆಗ್ತಿತ್ತು. ನೀವೇ ಹೇಳ್ಲಿ ಅಂತ ಕಾದೆ."

"ಒಂದು ತಿಂಗಳು ಕಾಯಿಸಿದೆ."

"ಹೂಂ. ಕಾಯಿಸಿದ್ರಿ." ಅವಳು ಅದನ್ನು ಅಲ್ಲವೆನ್ನಲಿಲ್ಲ. ಆಮೇಲೆ, "ಹೇಳಿದ್ರಲ್ಲ, ಬುಡಿ," ಎಂದಳು. ಒಳಗಿನಿಂದ ಹುಳು ಮೇಯುವ ಸದ್ದು ಬರುತ್ತಿತ್ತು. ಅವಳು ಗೋಡೆಗೆ ಕಿವಿ ಕೊಟ್ಟು, "ಮೂರನೇ ಜ್ವರಕ್ಕೆ ಕೂರ್ತವೆ ನಾಳೆ," ಎಂದಳು. ಮಾರನೇ ದಿನ ಕೂತವು. ಅದರ ಮೂರನೇ ದಿನ ಬೆಳಿಗ್ಗೆ, ಅವು ಚರ್ಮ ಬಿಟ್ಟು ಎದ್ದು ಮೇಯಲು ಶುರು ಮಾಡಿದ ಹೊತ್ತಿನಲ್ಲಿ, ಅವಳು ಹೋದಳು. ನಾನು ಒಳಗೆ ಸೊಪ್ಪು ಹಾಕುತ್ತಿದ್ದೆ. ಹಾಕಿ ಹೊರಗೆ ಬಂದೆ.

ಅದಾದ ಮೇಲೆ ಒಂದು ವರ್ಷ ನಾನು ಹುಳು ಇಳಿಸಲಿಲ್ಲ. ಸೊಪ್ಪನ್ನು ಬೇರೆಯವರು ಕೊಯ್ದುಕೊಂಡು ಹೋದರು. ಈ ಬೇಸಿಗೆಯಲ್ಲಿ ಒಂದು ಹಿಡಿ ಗೂಡು ತಂದು ಚಿಟ್ಟೆ ಬಿಡಿಸಿದೆ. ತಟ್ಟೆಗಳನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆ. ಹಳೆಯ ತಟ್ಟೆಗಳು ಅವು, ಬಿದಿರು ಗಟ್ಟಿ. ಪ್ರತಿ ಬೆಳೆಗೂ ಸಗಣಿ ಸಾರಿಸಿ ಸಾರಿಸಿ ಗೋಡೆಯಷ್ಟು ದಪ್ಪವಾಗಿದ್ದವು. ಆ ಎರಡರಲ್ಲಿ ಒಂದು ಯಾವುದೆಂದು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಅದರ ಅಂಚಿನಲ್ಲಿ ಒಂದು ಕಡೆ, ಎಣ್ಣೆಗೆ ಹಿಡಿಯದೆ, ಸಗಣಿಯ ಪದರ ಬಿರುಕು ಬಿಟ್ಟು ಎದ್ದಿತ್ತು. ಉಗುರು ಹಾಕಿದರೆ ಹಪ್ಪಳದ ಹಾಗೆ ಕಳಚಿ ಬರುತ್ತಿತ್ತು. ಅದರ ಕೆಳಗೆ ನನ್ನ ನಾಲ್ಕು ಬೆರಳು ಇನ್ನೂ ಇರಬಹುದು. ಅದರ ಮೇಲೆ, ಎಲ್ಲಕ್ಕಿಂತ ಒಳಗಿನ ಪದರದಲ್ಲಿ, ಅವಳ ಅಂಗೈ ಹರಿದಾಡಿದ ಗೆರೆಗಳು ಇರಬೇಕು.

ಕಳಚಲಿಲ್ಲ. ಹೊಸ ಸಗಣಿ ಕಲಸಿ ಆ ಬಿರುಕಿನ ಮೇಲೆ ಬಳಿದು, ತಟ್ಟೆಯನ್ನು ಬಿಸಿಲಿಗೆ ಒರಗಿಸಿದೆ.

ನಾಡಿದ್ದು ಮರಿ ಏಳುತ್ತವೆ. ಗರಿ ಗೋಡೆಯ ಗೂಡಿನಲ್ಲಿ ಅವಳು ಇಟ್ಟಲ್ಲೇ ಇದೆ. ಅದನ್ನು ಮುಟ್ಟುವ ಮುಂಚೆ ಕೈ ತೊಳೆಯಬೇಕು. ಸೀಗೆಪುಡಿ ಹಾಕಿ, ಉಗುರಿನ ಸಂದಿಯನ್ನೆಲ್ಲ ತಿಕ್ಕಿ, ಎರಡು ಸಲ.